ಮಂಗಳವಿಲ್ಲದೆ ನಿಂತ ಕಥೆ

ಕೃಷ್ಣರಾಜನಗರದಲ್ಲಿದ್ದ ನಮ್ಮ ದೊಡ್ಡಮ್ಮನವರ ಮನೆಯಲ್ಲಿ ೨೦೧೮ರ ಮಳೆಗಾಲದಿಂದ ಮೊದಲುಗೊಂಡು ೨೦೨೦ರ ಬೇಸಗೆಯವರೆಗೆ ರಾತ್ರಿಯ ಊಟದ ವೇಳೆಯನ್ನು ನಿಶ್ಚಯಿಸುತ್ತಿದ್ದುದು ಹಸಿವೂ ಅಲ್ಲ, ಗಡಿಯಾರವೂ ಅಲ್ಲ. "ಮಗಳು ಜಾನಕಿ" ಎಂಬ ಧಾರಾವಾಹಿ. ಅದು ಮೊದಲಾಗುವುದಕ್ಕೆ ಕಾಲುಗಂಟೆ ಮುಂಚೆಯೇ ಎಲ್ಲರ ಊಟವೂ ಮುಗಿದಿರಬೇಕು. ಒಲೆಯ ಕಟ್ಟೆ ಒರೆಸಿರಬೇಕು. ಹಾಲಿಗೆ ಹೆಪ್ಪು ಬಿದ್ದಿರಬೇಕು. ಹೊರಬಾಗಿಲಿಗೆ ಅಗುಳಿ ಹಾಕಿರಬೇಕು. ಆ ಬಳಿಕ ದೊಡ್ಡಮ್ಮನವರು ತಮ್ಮ ಕುರ್ಚಿಯನ್ನು ತಾವೇ ಎಳೆದುಕೊಂಡು ಪೆಟ್ಟಿಗೆಯ ಎದುರಿಗೆ ಕುಳಿತುಕೊಳ್ಳುವರು. ಎಂಬತ್ತು ವರ್ಷ ದಾಟಿದ್ದ ಅವರಿಗೆ ಕಿವಿ ಸ್ವಲ್ಪ ಮಂದವಾಗಿದ್ದುದರಿಂದ ಅದರ ದನಿ ಬೀದಿಗೂ ಕೇಳುವಷ್ಟಿರುತ್ತಿತ್ತು. ಇದರಿಂದ ನೆರೆಯವರಿಗೆ ಯಾವ ತೊಂದರೆಯೂ ಆಗುತ್ತಿರಲಿಲ್ಲ. ಅವರ ಮನೆಯಲ್ಲಿಯೂ ಅದೇ ನಡೆಯುತ್ತಿತ್ತು.

ಟಿ. ಎನ್. ಸೀತಾರಾಮರ ಹೆಸರು ಕನ್ನಡದ ಗೃಹಸ್ಥರಿಗೆ ಹೊಸದಲ್ಲ. ಪಿ. ಶೇಷಾದ್ರಿ ಮತ್ತು ನಾಗೇಂದ್ರ ಶಾ ಇವರೊಡನೆ ಕೂಡಿ ಅವರು ೧೯೯೮ರಲ್ಲಿ ನಿರ್ದೇಶಿಸಿದ "ಮಾಯಾಮೃಗ"ವು ದೂರದರ್ಶನದಲ್ಲಿ ಪ್ರಸಾರವಾಗುತ್ತಿದ್ದಾಗ ಅದನ್ನು ನೋಡದ ಮನೆಯವರು ನೋಡಿದ ಮನೆಗೆ ಹೋಗಿ ಕಥೆಯನ್ನು ಕೇಳಿಕೊಂಡು ಬರುತ್ತಿದ್ದುದು ನಮಗೆ ನೆನಪಿದೆ. ತರುವಾಯ "ಮನ್ವಂತರ", "ಮುಕ್ತ" ಮೊದಲಾದವು ಬಂದವು. ಈ ಧಾರಾವಾಹಿಗಳಲ್ಲಿ ಮನೆಯೊಳಗಿನ ಕಲಹವು ಎಲ್ಲಿಯೋ ಮೊದಲಾಗಿ, ಪೊಲೀಸು ಠಾಣೆಯನ್ನು ಹಾಯ್ದು, ನ್ಯಾಯಾಲಯದ ಕಟಕಟೆಗೆ ಬಂದು ನಿಲ್ಲುವುದು ವಾಡಿಕೆ. ಅಲ್ಲಿ ಸೀತಾರಾಮರೇ ಸಿ. ಎಸ್. ಪಿ. ಎಂಬ ವಕೀಲರ ವೇಷದಲ್ಲಿ ಎದ್ದು ನಿಂತು, ಕನ್ನಡಕವನ್ನು ಸರಿಪಡಿಸಿಕೊಂಡು, ಸುಳ್ಳು ಸಾಕ್ಷಿಯನ್ನು ಮೆಲ್ಲಮೆಲ್ಲಗೆ ಬಿಡಿಸುತ್ತಿದ್ದರೆ, ಜನ್ಮದಲ್ಲಿ ಕೋರ್ಟಿನ ಮೆಟ್ಟಲು ಹತ್ತದ ನಮ್ಮ ಹೆಂಗಸರು "ಪಾಟೀಸವಾಲು" ಎಂಬ ಮಾತನ್ನು ಅಡಿಗೆಮನೆಯಲ್ಲಿ ಬಳಸತೊಡಗಿದರು. "ಮಗಳು ಜಾನಕಿ"ಯ ನಾಯಿಕೆಯಂತೂ ಪೊಲೀಸು ಅಧಿಕಾರಿಣಿಯಾಗುವ ಹಂಬಲದಿಂದ ಹೊರಟ ತರುಣಿ. ಗಾನವಿ ಲಕ್ಷ್ಮಣ್ ಎಂಬ ನಟಿಯು ಆ ಪಾತ್ರವನ್ನು ವಹಿಸಿದ್ದರು. ಆ ಹುಡುಗಿಗೆ ಅನ್ಯಾಯವಾಗಿದೆ, ಅದಕ್ಕೆ ಕಾರಣರಾದವರು ಮರ್ಯಾದಸ್ಥರಂತೆ ತಿರುಗಾಡುತ್ತಿದ್ದಾರೆ, ಒಂದಲ್ಲ ಒಂದು ದಿನ ಎಲ್ಲವೂ ಬೆಳಕಿಗೆ ಬಂದೀತು, ಎಂಬ ನಂಬುಗೆಯಿಂದ ಜನರು ಎರಡು ವರ್ಷಗಳ ಕಾಲ ಪ್ರತಿರಾತ್ರಿಯೂ ಕುಳಿತರು.

ನಾವು ಹುಣಸೂರಿನವರು. ನಮ್ಮ ಬಂಧುಬಳಗವು ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಈ ಮೂರು ತಾಲ್ಲೂಕುಗಳಲ್ಲಿಯೂ ಹರಡಿಕೊಂಡಿರುವುದರಿಂದ ಒಂದೇ ಕಥೆಯನ್ನು ನಾಲ್ಕು ಕಡೆ ನಾಲ್ಕು ರೀತಿಯಲ್ಲಿ ನೋಡುವುದನ್ನು ಕಾಣುವ ಅವಕಾಶ ನಮಗೆ ದೊರೆಯಿತು. ನಮ್ಮ ಕಡೆಯಲ್ಲಿಯೂ ಪಿರಿಯಾಪಟ್ಟಣದ ಕಡೆಯಲ್ಲಿಯೂ ಹೊಗೆಸೊಪ್ಪಿನ ಬೇಸಾಯವೇ ಹೆಚ್ಚಷ್ಟೆ. ಆಷಾಢ ಶ್ರಾವಣಗಳಲ್ಲಿ ಸೊಪ್ಪನ್ನು ಬ್ಯಾರನ್ನಿಗೆ ಏರಿಸಿದ ಮೇಲೆ ಹಗಲಿರುಳೂ ಉರಿಯನ್ನು ನೋಡಿಕೊಳ್ಳಬೇಕು. ಶಾಖವು ಒಂದಿಷ್ಟು ಏರಿದರೆ ಎಲೆ ಕಪ್ಪಾಗುತ್ತದೆ, ಇಳಿದರೆ ಬಣ್ಣ ಬಾರದು. ಗಂಡಸರು ರಾತ್ರಿಯೆಲ್ಲಾ ಒಲೆಯ ಬಾಯಿಯ ಮುಂದೆ ಕೂರುವರು. ಧಾರಾವಾಹಿ ಮುಗಿದೊಡನೆ ಹೆಂಗಸರು ಅವರಿಗೆ ಕಾಫಿಯನ್ನು ಒಯ್ದು, ಅದರ ಜೊತೆಗೆ ಅಂದಿನ ಕಥೆಯನ್ನೂ ಬಡಿಸಿ ಬರುವರು. ಹೆಗ್ಗಡದೇವನಕೋಟೆಯ ಕಾಡಂಚಿನಲ್ಲಿರುವ ನಮ್ಮ ಷಡ್ಡಕರ ಊರಿನಲ್ಲಿ ಆನೆಯ ಕಾವಲಿಗೆಂದು ಅಟ್ಟಣೆ ಹತ್ತಿದವರಿಗೆ ಕಥೆ ಮುಟ್ಟುತ್ತಿದ್ದುದು ಮರುದಿನ ಬೆಳಗ್ಗೆ, ರೊಟ್ಟಿಯ ಹೊತ್ತಿಗೆ. ಹೀಗೆ ಹೇಳಿಕೇಳಿ ಬೆಳೆದ ಕಥೆಯಲ್ಲಿ ಸೀತಾರಾಮರು ಬರೆಯದ ಮಾತುಗಳೂ ಒಂದಷ್ಟು ಸೇರಿಕೊಂಡಿರಬಹುದು. ಅದರಿಂದ ಅವರಿಗೇನೂ ನಷ್ಟವಿಲ್ಲ.

೨೦೨೦ರ ಮಾರ್ಚಿ ತಿಂಗಳು ಬಂದಿತು. ಕೋವಿಡ್ ಎಂಬ ಮಹಾಮಾರಿಯ ದೆಸೆಯಿಂದ ಧಾರಾವಾಹಿಗಳ ಚಿತ್ರೀಕರಣಗಳೆಲ್ಲವೂ ನಿಂತುವು. ೨೫ನೆಯ ತಾರೀಖಿನಿಂದ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಿತು. ಕೂಡಿಟ್ಟಿದ್ದ ಕಂತುಗಳು ಮುಗಿದ ಮೇಲೆ ಎಲ್ಲ ವಾಹಿನಿಗಳೂ ಹಳೆಯದನ್ನೇ ಮತ್ತೆ ತೋರಿಸತೊಡಗಿದುವು. ಆ ತಿಂಗಳ ೨೮ರಿಂದ ದೂರದರ್ಶನವು ರಮಾನಂದ ಸಾಗರರ ರಾಮಾಯಣವನ್ನು ಪುನಃ ಪ್ರಸಾರಮಾಡಿತು. ಮಕ್ಕಳು ಮರಿಗಳೆಲ್ಲಾ ಕುಳಿತು ನೋಡಿದರು. ಇದೊಂದು ವಿಚಿತ್ರವನ್ನು ನಾವು ಆಗಲೇ ಗಮನಿಸಿದೆವು. ಕೊನೆ ಏನೆಂಬುದು ತೊಟ್ಟಿಲ ಕೂಸಿಗೂ ಗೊತ್ತಿರುವ ಕಥೆಯು ಸಾಂಗವಾಗಿ ನಡೆಯುತ್ತಿತ್ತು. ಕೊನೆಯನ್ನು ಒಬ್ಬರೂ ಅರಿಯದ ಕಥೆಯು ಬಾಗಿಲ ಹೊರಗೆ ನಿಂತುಬಿಟ್ಟಿತ್ತು. ಮೇ ತಿಂಗಳಿನಲ್ಲಿ ಮನೆಯೊಳಗಿನ ದೃಶ್ಯಗಳ ಚಿತ್ರೀಕರಣಕ್ಕೆ ಅನುಮತಿ ದೊರೆತು ಉಳಿದ ಧಾರಾವಾಹಿಗಳು ಒಂದೊಂದಾಗಿ ಮರಳಿದುವು. ಜಾನಕಿ ಮರಳಲಿಲ್ಲ. ಧಾರಾವಾಹಿಯು ಇನ್ನು ಮುಂದುವರಿಯುವುದಿಲ್ಲವೆಂದು ನಿರ್ದೇಶಕರೇ ಪ್ರೇಕ್ಷಕರಿಗೆ ತಿಳಿಸಿದರು.

ದೊಡ್ಡಮ್ಮನವರು ಇದನ್ನು ನಂಬಲೊಪ್ಪಲಿಲ್ಲ. "ನಿಂತೋಯ್ತು ಅಂದ್ರೆ ಏನರ್ಥ? ಆ ಹುಡುಗಿಗೆ ನ್ಯಾಯ ಸಿಕ್ತೋ ಇಲ್ಲವೋ ಅದನ್ನ ಹೇಳೋದು ಬೇಡ್ವೇ?" ಎಂದು ತಮ್ಮ ಮಗನನ್ನು ಕೇಳಿದರು, ಅವನೇ ನಿಲ್ಲಿಸಿದವನೋ ಎಂಬಂತೆ.

ದೇಶದಲ್ಲಿ ಜನರು ಉಸಿರಿಗಾಗಿ ಒದ್ದಾಡುತ್ತಿರುವಾಗ ಟಿ. ವಿ.ಯ ಕಥೆಗಾಗಿ ಅಳುವುದೇ, ಎಂದು ವಾಚಕರಲ್ಲಿ ಕೆಲವರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆ ದಿವಸಗಳಲ್ಲಿ ನಾವೂ ಹಾಗೆಯೇ ಹೇಳಿ ಬಾಯಿ ಮುಚ್ಚಿಸಿದವರೇ. ಆದರೆ ಕಾಲ ಸರಿದಂತೆ ನಮಗೆ ಬೇರೊಂದು ಸಂಗತಿ ಹೊಳೆಯಿತು. ಸಾಮಾನ್ಯ ಸಂಸಾರದ ಕಥೆಯನ್ನು ಎಲ್ಲಿ ಬೇಕಾದರೂ ನಿಲ್ಲಿಸಬಹುದು. ಅತ್ತೆ ಸೊಸೆಯರ ವಾಗ್ವಾದಕ್ಕೆ ಮೊದಲೂ ಇಲ್ಲ, ಕೊನೆಯೂ ಇಲ್ಲ. ಎಷ್ಟೋ ಧಾರಾವಾಹಿಗಳು ಮುಗಿಯಬೇಕಾದ ಕಾಲಕ್ಕೆ ಮುಗಿಯದೆ ವರ್ಷಾನುಗಟ್ಟಲೆ ಎಳೆದಾಡಿ, ಎಂದು ನಿಂತಾವೋ ಎಂದು ನಾವೇ ಹರಕೆ ಹೊರುವಂತೆ ಮಾಡಿಲ್ಲವೆ? ಅಪರಾಧದ ಕಥೆಯ ಮಾತು ಹಾಗಲ್ಲ. ಅದು ಮೊದಲ ದಿನವೇ ನಮ್ಮಿಂದ ಒಂದು ಸಾಲವನ್ನು ಪಡೆಯುತ್ತದೆ. 'ಇಗೋ, ಒಂದು ಅನ್ಯಾಯ ನಡೆದಿದೆ. ಮಾಡಿದವರು ಯಾರೆಂದು ಹೇಳುತ್ತೇನೆ, ಅಲ್ಲಿಯವರೆಗೆ ನಿಮ್ಮ ಕಾಲವನ್ನು ನನಗೆ ಕೊಡಿ' ಎಂದು ಕೇಳುತ್ತದೆ. ನಾವು ದಿನಕ್ಕೆ ಅರ್ಧ ಗಂಟೆಯಂತೆ ಕೊಟ್ಟುಕೊಂಡು ಹೋಗುತ್ತೇವೆ. ಕಥೆಯ ಕೊನೆ ಎಂಬುದು ಆ ಸಾಲದ ಮರುಪಾವತಿಯೇ ಹೊರತು ನಿರ್ಮಾಪಕರು ಇಷ್ಟವಿದ್ದರೆ ಕೊಡುವ ಉಡುಗೊರೆಯಲ್ಲ.

ಈ ಸಂಬಂಧವಾಗಿ ನಮ್ಮ ಬಾಲ್ಯದ ಒಂದು ಪ್ರಸಂಗವನ್ನು ಹೇಳಬೇಕು. ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳು ಹಳೆಯ ತಲೆಗಳಿಗೆ ನೆನಪಿರಬೇಕು. ನಾಲ್ಕನೆಯ ತರಗತಿಯವರೆಗೆ ಮಾತ್ರ ಓದಿದ ಆ ಮಹನೀಯರು ನೂರಾರು ಕಾದಂಬರಿಗಳನ್ನು ಬರೆದು, ಪತ್ತೇದಾರ ಪುರುಷೋತ್ತಮನನ್ನು ನಾಡಿನ ಪ್ರತಿಯೊಬ್ಬ ಹುಡುಗನಿಗೂ ಪರಿಚಯದವನನ್ನಾಗಿ ಮಾಡಿದರು. ಅಂತಹ ಒಂದು ಪುಸ್ತಕವನ್ನು ನಾವು ದಿನಕ್ಕಿಷ್ಟು ಎಂದು ಬಾಡಿಗೆ ತೆತ್ತು ತಂದೆವು. ಮನೆಯಲ್ಲಿ ಹಿರಿಯರ ಕಣ್ಣಿಗೆ ಬೀಳದಂತೆ, ಭೂಗೋಳದ ಪುಸ್ತಕದೊಳಗಿಟ್ಟುಕೊಂಡು ಓದುತ್ತಾ ಹೋದರೆ, ಕೊನೆಯ ನಾಲ್ಕು ಹಾಳೆಗಳೇ ಇಲ್ಲ! ಯಾರೋ ಪುಣ್ಯಾತ್ಮರು ಹರಿದಿಟ್ಟುಕೊಂಡಿದ್ದರು. ಅಂಗಡಿಯವರನ್ನು ಕೇಳಿದರೆ, "ಬಾಡಿಗೆ ಪುಸ್ತಕಕ್ಕೆ, ಹಾಳೆಗಲ್ಲ" ಎಂದರು. ಅಂದಿನಿಂದ ಮೂರು ವರ್ಷಗಳ ಕಾಲ ಆ ಕೊಲೆಗಾರನು ನಮ್ಮ ಮನಸ್ಸಿನಲ್ಲಿ ಸುಖವಾಗಿ ಓಡಾಡಿಕೊಂಡಿದ್ದನು. ಒಮ್ಮೆ ಪಿರಿಯಾಪಟ್ಟಣದ ಬಸ್ಸಿನ ನಿಲ್ದಾಣದಲ್ಲಿ ಹಳೆಯ ಪುಸ್ತಕಗಳ ರಾಶಿಯಲ್ಲಿ ಅದೇ ಕಾದಂಬರಿಯು ಕಣ್ಣಿಗೆ ಬೀಳಲು, ಅಲ್ಲಿಯೇ ನಿಂತು ಆ ನಾಲ್ಕು ಹಾಳೆಗಳನ್ನು ಓದಿ ಮುಗಿಸಿದೆವು. ಹುಣಸೂರಿನ ಬಸ್ಸು ಹೊರಟುಹೋಯಿತು. ಕೊಲೆಗಾರನು ನಾವು ಊಹಿಸಿದವನೇ ಆಗಿದ್ದನು. ಆದರೂ ಆ ದಿನ ಮನಸ್ಸಿಗಾದ ನಿರಾಳವನ್ನು ಇಂದಿಗೂ ಮರೆತಿಲ್ಲ. ತಿಳಿದದ್ದನ್ನು ಕಥೆಗಾರನ ಬಾಯಿಂದಲೇ ಕೇಳಬೇಕೆಂಬ ಆಸೆಯು ಮನುಷ್ಯಸಹಜವಾದುದು.

ನಮ್ಮ ಸೀಮೆಯ ಹಾಡುಗಾರರು ಇದನ್ನು ಚೆನ್ನಾಗಿ ಬಲ್ಲರು. ಮಲೆಯ ಮಾದಪ್ಪನ ಕಥೆಯನ್ನು ಕಂಸಾಳೆಯವರೂ, ಮಂಟೇಸ್ವಾಮಿ ಸಿದ್ದಪ್ಪಾಜಿಯವರ ಕಥೆಯನ್ನು ತಂಬೂರಿಯ ನೀಲಗಾರರೂ ರಾತ್ರಿಯೆಲ್ಲಾ ಹಾಡುವುದನ್ನು ಹೆಗ್ಗಡದೇವನಕೋಟೆಯ ಕಡೆಯಲ್ಲಿ ನಾವು ಅನೇಕಸಾರಿ ಕೇಳಿದ್ದೇವೆ. ಕಥೆ ಬಹು ದೊಡ್ಡದಾದುದರಿಂದ ಅದನ್ನು ಸಾಲುಗಳಾಗಿ ವಿಂಗಡಿಸಿಕೊಂಡಿರುವರು. ಸಾಲು ಎಂದರೆ ಇಲ್ಲಿ ಪಂಕ್ತಿಯಲ್ಲ, ಒಂದು ಪೂರ್ಣ ಪ್ರಸಂಗ. ಒಂದು ರಾತ್ರಿಗೆ ಒಂದು ಸಾಲು ಹಾಡಿದರೂ ಆ ಸಾಲು ತನ್ನಷ್ಟಕ್ಕೆ ತಾನು ಮುಗಿಯಲೇಬೇಕು. ಸಂಕಮ್ಮನ ಸಾಲನ್ನೇ ನೋಡಿ. ಜೇನಿಗೆ ಹೊರಟ ಗಂಡನು ನಿರಪರಾಧಿಯಾದ ಹೆಂಡತಿಯನ್ನು ಶಂಕಿಸಿ, ಭಾಷೆ ಕೊಡಲಿಲ್ಲವೆಂದು ಹಿಂಸಿಸಿ, ಕಾಡಿನ ಗುಡಿಸಲಿನಲ್ಲಿ ಕಟ್ಟಿಹಾಕಿ ಹೋಗುತ್ತಾನೆ. ಮಾದಪ್ಪ ಬಂದೇ ಬರುತ್ತಾನೆಂದು ಕೇಳುವ ಮುದುಕಿಯರಿಗೆಲ್ಲಾ ಗೊತ್ತು. ಗೊತ್ತಿದ್ದರೂ, ಸಂಕಮ್ಮನು ಗುಡಿಸಲಿನಲ್ಲಿರುವಾಗಲೇ ಹಾಡುಗಾರನು ಕಂಸಾಳೆಯನ್ನು ಜೋಳಿಗೆಗೆ ಇಳಿಸಿದನಾದರೆ ಊರಿನವರು ಅವನನ್ನು ಬಿಟ್ಟುಕೊಟ್ಟಾರೆಯೆ? ಮೂಡಲಪಾಯದ ಆಟಕ್ಕೂ ಹರಿಕಥೆಗೂ ಕೊನೆಯಲ್ಲಿ ಮಂಗಳವುಂಟು. ಮಳೆ ಬಂದು ಹರಿಕಥೆ ಅರ್ಧಕ್ಕೆ ನಿಂತಾಗಲೂ ದಾಸರು ಉಳಿದ ಕಥೆಯನ್ನು ನಾಲ್ಕು ಮಾತಿನಲ್ಲಿ ಹೇಳಿ, ಆರತಿಯೆತ್ತಿಸಿ, ಮಂಗಳ ಹಾಡಿಯೇ ಏಳುತ್ತಿದ್ದುದನ್ನು ನಾವು ಕಂಡಿದ್ದೇವೆ.

ಅರ್ಧಕ್ಕೆ ನಿಂತ ಕಥೆಗಳು ನಮ್ಮ ಸಾಹಿತ್ಯಕ್ಕೇನೂ ಅಪರಿಚಿತವಲ್ಲ. ಬಾಣಭಟ್ಟನು ಕಾದಂಬರಿಯನ್ನು ಮುಗಿಸದೆಯೇ ತೀರಿಕೊಂಡಾಗ ಅವನ ಮಗನಾದ ಭೂಷಣಭಟ್ಟನು ಉತ್ತರಭಾಗವನ್ನು ಬರೆದನು. ನಮ್ಮ ನಾಗವರ್ಮನು ಅದನ್ನು ಕನ್ನಡಕ್ಕೆ ತರುವಾಗ ತಂದೆಮಕ್ಕಳಿಬ್ಬರ ಭಾಗಗಳನ್ನೂ ಸೇರಿಸಿಯೇ ತಂದನು. ಕುಮಾರವ್ಯಾಸನ ಭಾರತವು ಗದಾಪರ್ವದವರೆಗೆ ಹತ್ತು ಪರ್ವಗಳಿಗೆ ನಿಂತಿತು. ಉಳಿದ ಪರ್ವಗಳನ್ನು ಕೃಷ್ಣದೇವರಾಯನ ಕಾಲದ ತಿಮ್ಮಣ್ಣಕವಿಯು ಹೇಳಿದನು. ಕುಮಾರವ್ಯಾಸನೆಲ್ಲಿ, ತಿಮ್ಮಣ್ಣನೆಲ್ಲಿ, ಎಂದು ಪಂಡಿತರು ಮೂಗು ಮುರಿದರೆ ಮುರಿಯಲಿ. ಕಥೆ ದಡ ಸೇರಿತಲ್ಲವೆ? ತೀರ ಈಚಿನ ಉದಾಹರಣೆ ಬೇಕಾದರೆ ನಮ್ಮ ಮೈಸೂರಿನಲ್ಲಿಯೇ ಇದೆ. ತ್ರಿವೇಣಿಯವರು ೧೯೬೩ರಲ್ಲಿ ಚಿಕ್ಕ ವಯಸ್ಸಿನಲ್ಲಿಯೇ ಅಗಲಿದಾಗ ಅರ್ಧಕ್ಕೆ ಉಳಿದಿದ್ದ ಅವರ ಕಾದಂಬರಿಯನ್ನು ಎಂ. ಸಿ. ಪದ್ಮ ಅವರು ಪೂರ್ತಿಗೊಳಿಸಿದರು. ಇನ್ನೊಬ್ಬರ ಕಥೆಗೆ ಕೊನೆ ಬರೆಯುವುದು ಸುಲಭವಲ್ಲ. ಚೆನ್ನಾಗಿ ಬಂದರೆ ಮೂಲದವರಿಗೆ ಕೀರ್ತಿ. ಕೆಟ್ಟರೆ ತನಗೆ ಅಪಕೀರ್ತಿ. ಆದರೂ ಓದುವವರ ಮೇಲಿನ ದಯೆಯಿಂದ ಅಂತಹವರು ಈ ಭಾರವನ್ನು ಹೊತ್ತಿರುವರು.

ಇಂಗ್ಲೆಂಡಿನಲ್ಲಿ ಇಂತಹ ದಯೆಯು ಬೇರೆಯೇ ಒಂದು ರೂಪವನ್ನು ತಾಳಿತು. ಚಾರ್ಲ್ಸ್ ಡಿಕೆನ್ಸ್ ಮಹಾಶಯನು ಎಡ್ವಿನ್ ಡ್ರೂಡ್ ಎಂಬ ಯುವಕನು ಕಾಣೆಯಾದ ರಹಸ್ಯವನ್ನು ಹನ್ನೆರಡು ಮಾಸಿಕ ಕಂತುಗಳಲ್ಲಿ ಹೇಳಲು ಹೊರಟು, ೧೮೭೦ರ ಜೂನ್ ೯ರಂದು ಆರು ಕಂತುಗಳಷ್ಟನ್ನು ಮಾತ್ರ ಬರೆದಿಟ್ಟು ತೀರಿಕೊಂಡನು. ಡ್ರೂಡನಿಗೆ ಏನಾಯಿತು? ನೂರೈವತ್ತು ವರ್ಷಗಳಿಂದ ವಿದ್ವಾಂಸರೂ ಹವ್ಯಾಸಿಗಳೂ ಇದನ್ನು ಚರ್ಚಿಸುತ್ತಲೇ ಇದ್ದಾರೆ. ೧೯೮೫ರಲ್ಲಿ ಅಮೆರಿಕೆಯಲ್ಲಿ ಈ ಕಥೆಯನ್ನು ಸಂಗೀತ ನಾಟಕವಾಗಿ ಆಡಿದಾಗ, ಕೊಲೆಗಾರನು ಯಾರೆಂಬುದನ್ನು ಪ್ರತಿರಾತ್ರಿಯೂ ಪ್ರೇಕ್ಷಕರೇ ಮತ ಹಾಕಿ ಗೊತ್ತುಮಾಡುವ ಏರ್ಪಾಡನ್ನು ಮಾಡಿದ್ದರು. ಒಂದು ರಾತ್ರಿ ಒಬ್ಬನು ಕೊಲೆಗಾರ, ಮರುರಾತ್ರಿ ಇನ್ನೊಬ್ಬನು! ಚುನಾವಣೆಯಿಂದ ಕೊಲೆಗಾರನನ್ನು ಆರಿಸುವುದು ತಮಾಷೆಯಾಗಿಯೇನೋ ಇದೆ. ಆದರೆ ನಮ್ಮ ದೊಡ್ಡಮ್ಮನವರಂತಹವರಿಗೆ ಅದರಿಂದ ಸಮಾಧಾನವಾಗದೆಂದು ನಾವು ಖಂಡಿತವಾಗಿ ಹೇಳಬಲ್ಲೆವು.

ಇವೆಲ್ಲವೂ ವಿಧಿಯು ಅರ್ಧಕ್ಕೆ ನಿಲ್ಲಿಸಿದ ಕಥೆಗಳು. ಸಾವು, ಮಹಾಮಾರಿ, ಇವುಗಳ ಮೇಲೆ ಕೋಪ ಮಾಡಿಕೊಂಡು ಫಲವೇನು? "ಮಗಳು ಜಾನಕಿ"ಯ ವಿಷಯದಲ್ಲಿ ಕಥೆಯನ್ನು ಹೆಣೆದವರಿಗೂ ನಮ್ಮಷ್ಟೇ, ಪ್ರಾಯಶಃ ನಮಗಿಂತ ಹೆಚ್ಚಾಗಿ, ಸಂಕಟವಾಗಿರಬೇಕು. ಆದರೆ ಗಟ್ಟಿಮುಟ್ಟಾಗಿರುವ ಕಥೆಗಾರನು, ಎಲ್ಲ ಅನುಕೂಲವೂ ಇರುವಾಗ, ಕೊನೆಯನ್ನು ಬೇಕೆಂದೇ ಬಚ್ಚಿಟ್ಟುಕೊಂಡರೆ ಏನೆನ್ನಬೇಕು?

ಇದಕ್ಕೂ ಒಂದು ನಿದರ್ಶನವುಂಟು. ಬೆಂಗಳೂರಿನಲ್ಲಿರುವ ನಮ್ಮ ತಂಗಿಯ ಮಗನು ಯುಗಾದಿಗೆ ಬಂದಾಗ, ದೊಡ್ಡಮ್ಮನ ದೂರನ್ನು ಕೇಳಿ ನಕ್ಕು, "ಇದೇನು ಮಹಾ, ಅಮೆರಿಕದೋರು ಬೇಕು ಅಂತಾನೇ ಮಾಡಿದ್ದಾರೆ" ಎಂದು ಈ ವೃತ್ತಾಂತವನ್ನು ಹೇಳಿದನು. ೨೦೧೧ರ ಏಪ್ರಿಲಿನಲ್ಲಿ ಅಲ್ಲಿ "ದಿ ಕಿಲ್ಲಿಂಗ್" ಎಂಬ ಧಾರಾವಾಹಿಯು ಮೊದಲಾಯಿತಂತೆ. ಸಿಯಾಟಲ್ ನಗರದಲ್ಲಿ ರೋಸಿ ಲಾರ್ಸೆನ್ ಎಂಬ ಹುಡುಗಿಯ ಕೊಲೆ; ಅದನ್ನು ಶೋಧಿಸಲು ಸಾರಾ ಲಿಂಡನ್ ಎಂಬ ಪತ್ತೇದಾರಿಣಿ. ರೋಸಿಯನ್ನು ಕೊಂದವರಾರು, ಎಂಬ ಪ್ರಶ್ನೆಯನ್ನೇ ಜಾಹೀರಾತಿನಲ್ಲಿ ಹಾಕಿ ಜನರನ್ನು ಕರೆದರು. ಇದಕ್ಕೆ ಮೂಲವಾದ ಡೆನ್ಮಾರ್ಕ್ ದೇಶದ ೨೦೦೭ರ ಧಾರಾವಾಹಿಯು ಇಪ್ಪತ್ತು ಕಂತುಗಳಲ್ಲಿ ಒಂದು ಕೊಲೆಯನ್ನು ಶೋಧಿಸಿ, ಕೊಂದವನನ್ನು ತೋರಿಸಿ ಮುಗಿದಿತ್ತು. ಅಮೆರಿಕದವರೂ ಹಾಗೆಯೇ ಮಾಡುವರೆಂದು ಜನರು ಹದಿಮೂರು ಕಂತುಗಳವರೆಗೆ ಕಾದರು. ಜೂನ್ ೧೯ರಂದು ಆ ವರ್ಷದ ಕೊನೆಯ ಕಂತು ಬಂದಿತು. ಒಬ್ಬನನ್ನು ದಸ್ತಗಿರಿ ಮಾಡಿದರು; ಎಲ್ಲರೂ ಉಸಿರುಬಿಟ್ಟರು. ಅಷ್ಟರಲ್ಲಿ ಅವನ ವಿರುದ್ಧದ ಸಾಕ್ಷ್ಯವೇ ಕಟ್ಟುಕಥೆಯೆಂದು ಹೊರಬಿತ್ತು. ಕಥೆ ಅಲ್ಲಿಗೆ ನಿಂತಿತು, ಉಳಿದದ್ದು ಬರುವ ವರ್ಷ!

ಪ್ರೇಕ್ಷಕರು ಕೆರಳಿದರು, ಪತ್ರಿಕೆಗಳ ವಿಮರ್ಶಕರೂ ಮೋಸವೆಂದು ಬರೆದರು. ಉತ್ತರವು ದೊರೆತದ್ದು ೨೦೧೨ರ ಜೂನಿನಲ್ಲಿ, ಇಪ್ಪತ್ತಾರನೆಯ ಕಂತಿನಲ್ಲಿ. ಅಷ್ಟರಲ್ಲಿ ನೋಡುವವರಲ್ಲಿ ಹಲವರು ಎದ್ದುಹೋಗಿದ್ದರು. ಅದೇ ಬೇಸಗೆಯಲ್ಲಿ ವಾಹಿನಿಯು ಧಾರಾವಾಹಿಯನ್ನೇ ರದ್ದುಮಾಡಿತು. ಬಳಿಕ ಮತ್ತೆ ಎತ್ತಿಕೊಂಡದ್ದು ಬೇರೆ ಮಾತು.

ಕುತೂಹಲವನ್ನು ಮರುವರ್ಷಕ್ಕೆ ಕಾದಿರಿಸುವ ಈ ಉಪಾಯವು ಅವರಲ್ಲಿ ಹೊಸದಲ್ಲ. ೧೯೮೦ರ ಮಾರ್ಚಿಯಲ್ಲಿ "ಡಾಲಸ್" ಎಂಬ ಧಾರಾವಾಹಿಯ ಮುಖ್ಯಪಾತ್ರಕ್ಕೆ ಯಾರೋ ಗುಂಡಿಕ್ಕಿದರು. ಯಾರೆಂದು ತಿಳಿಸಿದ್ದು ನವಂಬರ್ ೨೧ರಂದು. ಎಂಟು ತಿಂಗಳು ಜಗತ್ತಿನ ಬಹುಭಾಗವೇ ಅದರ ಮಾತಾಡಿಕೊಂಡಿತು, ಆದರೆ ಯಾರಿಗೂ ಅಷ್ಟಾಗಿ ಸಿಟ್ಟು ಬರಲಿಲ್ಲ. ಇವೆರಡಕ್ಕೂ ಏನು ಭೇದ? ನಮಗೆ ತೋರುವುದು ಇಷ್ಟು. ಅಲ್ಲಿ ಕಥೆಯು ಒಂದು ಪ್ರಶ್ನೆಯನ್ನು ಎತ್ತಿ ರಜಾ ತೆಗೆದುಕೊಂಡಿತು. ಇಲ್ಲಿ ಉತ್ತರ ಹೇಳುವೆನೆಂದು ಕರೆದು, ಎಲೆ ಹಾಕಿ, ಪಲ್ಯ ಕೋಸಂಬರಿಗಳನ್ನೆಲ್ಲಾ ಬಡಿಸಿ, ಅನ್ನದ ಹೊತ್ತಿಗೆ 'ಬರುವ ವರ್ಷ ಬನ್ನಿ' ಎಂದು ಕಳುಹಿಸಿದಂತಾಯಿತು. ಹಸಿದವನಿಗೆ ಕಾಯುವ ಶಕ್ತಿಯುಂಟು; ಎಲೆಯ ಮುಂದಿನಿಂದ ಎಬ್ಬಿಸಿದರೆ ಸಹಿಸುವ ಶಕ್ತಿಯಿಲ್ಲ.

ಹಾಗಾದರೆ ಎಲ್ಲ ಕಥೆಗಳಿಗೂ ಗಂಟು ಹಾಕಿಯೇ ಮುಗಿಸಬೇಕೆಂದು ನಮ್ಮ ಹಟವೇ, ಎಂದು ಹೊಸಕಾಲದ ಓದುಗರು ಆಕ್ಷೇಪಿಸಿಯಾರು. ಅಲ್ಲ. ಮನುಷ್ಯನ ಮನಸ್ಸಿನ ಕಥೆಯನ್ನು ಹೇಳುವವನು ಪ್ರಶ್ನೆಯೊಡನೆಯೇ ನಿಲ್ಲಿಸಲಿ. ಅದರಲ್ಲಿಯೂ ಒಂದು ಸೊಗಸುಂಟು. ಆದರೆ ಹೆಣ, ಸಾಕ್ಷಿ, ಸುಳಿವು, ಸಂಶಯ, ಇವುಗಳನ್ನೆಲ್ಲಾ ಮುಂದಿಟ್ಟು ನಮ್ಮನ್ನು ಪಂಚಾಯ್ತಿಗೆ ಕೂರಿಸಿದವನು ಮಾತ್ರ ತೀರ್ಪನ್ನು ಹೇಳದೆ ಏಳಕೂಡದು. ಇನ್ನು, ಮಧ್ಯದಲ್ಲಿ ನಿಲ್ಲಿಸಲೇಬೇಕಾದ ಅನಿವಾರ್ಯವು ಬಂದೊದಗಿದಲ್ಲಿ ಏನು ಮಾಡತಕ್ಕದ್ದು? ಹರಿಕಥೆಯ ದಾಸರು ಮಳೆಯಲ್ಲಿ ಮಾಡಿದುದನ್ನೇ ಮಾಡತಕ್ಕದ್ದು. ನಟರು ಬೇಡ, ದೃಶ್ಯ ಬೇಡ, ಸಂಗೀತವೂ ಬೇಡ. ಕಥೆಯನ್ನು ಹೆಣೆದವರು ಒಂದು ಕುರ್ಚಿಯಲ್ಲಿ ಕುಳಿತು ಅರ್ಧ ಗಂಟೆಯ ಕಾಲ, 'ತಾಯಂದಿರಾ, ಮುಂದೆ ಹೀಗೆ ಹೀಗೆ ಆಗಬೇಕೆಂದು ಎಣಿಸಿದ್ದೆವು' ಎಂದು ಬಾಯಿಮಾತಿನಲ್ಲಿ ಹೇಳಿದರೆ ಸಾಕು. ಅದನ್ನು ಪ್ರಸಾರಮಾಡುವುದಕ್ಕೆ ತಗಲುವ ಖರ್ಚು ಅತ್ಯಲ್ಪ. ಯಾವ ಧಾರಾವಾಹಿಯೇ ಆಗಲಿ, ಅದನ್ನು ಕೊಂಡು ಪ್ರಸಾರಮಾಡುವವರು ಕರಾರುಪತ್ರದಲ್ಲಿಯೇ ಈ ಅರ್ಧ ಗಂಟೆಯನ್ನು ಮೊದಲು ಕಾದಿರಿಸಿಡಬೇಕೆಂಬುದು ನಮ್ಮ ನಮ್ರವಾದ, ಆದರೆ ಗಟ್ಟಿಯಾದ ಸೂಚನೆ.

೨೦೨೨ರ ಅಕ್ಟೋಬರ್ ಕೊನೆಗೆ "ಮತ್ತೆ ಮಾಯಾಮೃಗ" ಎಂಬ ಹೆಸರಿನಿಂದ, ಸುಮಾರು ಇಪ್ಪತ್ತನಾಲ್ಕು ವರ್ಷಗಳ ಹಿಂದಿನ ಆ ಹಳೆಯ ಕಥೆಯ ಮುಂದಿನ ಭಾಗವು ಇನ್ನೊಂದು ವಾಹಿನಿಯಲ್ಲಿ ಮೊದಲಾಯಿತು. ಮುಗಿದಿದ್ದ ಕಥೆಗೂ ಒಂದು ನಾಳೆ ದೊರೆತುದನ್ನು ನೋಡಿ, ಮುಗಿಯದ ಕಥೆಯನ್ನು ನೆನೆದವರು ನಮ್ಮಲ್ಲಿ ಅನೇಕರು. ಆ ವೇಳೆಗೆ ದೊಡ್ಡಮ್ಮನವರು ಇರಲಿಲ್ಲ. ಅದರ ಹಿಂದಿನ ವರ್ಷವೇ ತೀರಿಕೊಂಡಿದ್ದರು.

ಆದರೆ ೨೦೨೦ರ ಆ ಮಳೆಗಾಲದಲ್ಲಿ ಅವರ ಮನೆಯಲ್ಲಿ ನಡೆದುದನ್ನು ಹೇಳದೆ ಇದನ್ನು ಮುಗಿಸಲಾರೆವು. ಊಟದ ಬಳಿಕ ಕುರ್ಚಿಯನ್ನೆಳೆದುಕೊಂಡು ಪೆಟ್ಟಿಗೆಯ ಮುಂದೆ ಕುಳಿತು, "ಬರುತ್ತಾ ಇವತ್ತಾದರೂ?" ಎಂದು ಕೇಳುವುದನ್ನು ದೊಡ್ಡಮ್ಮನವರು ಬಿಟ್ಟಿರಲಿಲ್ಲ.

ಒಂದು ರಾತ್ರಿ ಅವರ ಸೊಸೆ, ಎಂದರೆ ನಮ್ಮ ಅತ್ತಿಗೆ, ಪೆಟ್ಟಿಗೆಯನ್ನು ಆರಿಸಿ, "ಅತ್ತೆ, ಮುಂದಿನ ಕಥೆ ನನಗೆ ಗೊತ್ತಾಯ್ತು, ಮೊಬೈಲಿನಲ್ಲಿ ಬಂದಿತ್ತು" ಎಂದು ಸುಳ್ಳು ಹೇಳಿ, ನಾಲ್ಕೇ ಮಾತಿನಲ್ಲಿ ತಪ್ಪಿತಸ್ಥರನ್ನೆಲ್ಲಾ ಜೈಲಿಗೆ ಕಳುಹಿಸಿಬಿಟ್ಟಳು. ದೊಡ್ಡಮ್ಮನವರು ಸುಮ್ಮನೆ ಕೇಳಿ, "ಇಷ್ಟು ಬೇಗ ಜೈಲಾಗಲ್ಲ ಕಣೇ. ಸಿ. ಎಸ್. ಪಿ. ಇನ್ನೂ ಪಾಟೀಸವಾಲೇ ಮಾಡಿಲ್ಲ" ಎಂದರು. ಮರುರಾತ್ರಿ ಅತ್ತಿಗೆಯು ಪಾಟೀಸವಾಲನ್ನು ಸಿದ್ಧಮಾಡಿಕೊಂಡು ಬಂದಳು. ಅದರಲ್ಲಿ ಲೋಪಗಳು ಕಂಡುಬಂದುವು. ಹುಣಸೂರಿನಲ್ಲಿ ವಕೀಲರಾಗಿರುವ ನಮ್ಮ ಬಂಧುವೊಬ್ಬರಿಗೆ ಹಗಲೆಲ್ಲಾ ಟೆಲಿಫೋನು ಮಾಡಿ, ಯಾವ ಸಾಕ್ಷಿಯ ಬಳಿಕ ಯಾವ ಸಾಕ್ಷಿ, ದಾಖಲೆಯನ್ನು ಹಾಜರುಪಡಿಸುವುದು ಹೇಗೆ, ಜಾಮೀನು ಯಾರು ಕೊಡುವರು, ಎಂಬುದನ್ನೆಲ್ಲಾ ಆಕೆ ಕೇಳಿ ತಿಳಿದುಕೊಳ್ಳತೊಡಗಿದಳು. ಕೋರ್ಟುಗಳಲ್ಲಿ ಕೆಲಸ ಕಡಮೆಯಾಗಿದ್ದ ಕಾಲವಾದುದರಿಂದ ವಕೀಲರೂ ಉತ್ಸಾಹದಿಂದಲೇ ಹೇಳುತ್ತಿದ್ದರು. ರಾತ್ರಿ ಒಂಬತ್ತಾದ ಮೇಲೆ ನಮ್ಮ ಅಣ್ಣನೂ ಮಕ್ಕಳೂ ಪತ್ರಿಕೆ ಪುಸ್ತಕಗಳನ್ನು ಮುಚ್ಚಿ ಬಂದು ಕೂರುವರು.

ವಾರವೊಂದು ಕಳೆದಮೇಲೆ ದೊಡ್ಡಮ್ಮನವರು ಅತ್ತಿಗೆಯ ಮುಖವನ್ನೇ ನೋಡುತ್ತಾ, "ಇದೆಲ್ಲಾ ನೀನು ಕಟ್ಟಿದ್ದು, ಅಲ್ವೇನೇ?" ಎಂದು ಕೇಳಿದರಂತೆ. ಅತ್ತಿಗೆಗೆ ಏನು ಹೇಳಬೇಕೋ ತೋಚಲಿಲ್ಲ. "ಹೂಂ ಅತ್ತೆ" ಎಂದಳು.

"ಸೀತಾರಾಮರು ಹೀಗೆ ಬರೆಯೋದಿಲ್ಲ. ಇರಲಿ, ಆಮೇಲೇನಾಯ್ತು ಹೇಳು."

ಹೀಗೆ ಒಂದೂವರೆ ತಿಂಗಳು ನಡೆದು, ಕೊನೆಗೊಂದು ರಾತ್ರಿ ತೀರ್ಪಿನ ದಿನವು ಬಂದಿತು. ನ್ಯಾಯಾಧೀಶರು ಬಂದು ಕುಳಿತರು, ಜಾನಕಿಯು ಪೊಲೀಸು ಉಡುಪಿನಲ್ಲಿಯೇ ಬಂದು ಹಿಂದಿನ ಸಾಲಿನಲ್ಲಿ ನಿಂತಳು, ಸಿ. ಎಸ್. ಪಿ. ಕನ್ನಡಕವನ್ನು ಒರೆಸಿಕೊಂಡರು. ತೀರ್ಪಿನ ಮೊದಲ ವಾಕ್ಯವನ್ನು ಹೇಳಲು ಅತ್ತಿಗೆಯು ಬಾಯಿ ತೆರೆಯುವಷ್ಟರಲ್ಲಿ ದೊಡ್ಡಮ್ಮನವರು ಕೈಯನ್ನು ಮೇಲಕ್ಕೆತ್ತಿದರು.

"ಇವತ್ತಿಗೆ ಸಾಕು. ಉಳಿದದ್ದು ನಾಳೆ ಹೇಳು" ಎಂದು ಎದ್ದು, ಕುರ್ಚಿಯನ್ನು ಗೋಡೆಗೆ ಸರಿಸಿ, ಮಲಗುವುದಕ್ಕೆ ಹೋದರು.

ಮರುದಿನ ಆ ಮನೆಯಲ್ಲಿ ಊಟವು ಅರ್ಧ ಗಂಟೆ ಮುಂಚೆಯೇ ಮುಗಿಯಿತು.